ಮನೆಗೆಲಸದ ಜೇನ್‌ಗೂ ಒಂದು ಭಾವಚಿತ್ರ

18ನೇ ಶತಮಾನದ ಬ್ರಿಟನ್ನಿನಲ್ಲಿ ಎಣ್ಣೆಬಣ್ಣದಲ್ಲಿ ಮುಖ ಬರೆಸಿಕೊಳ್ಳುವುದು ದುಡ್ಡಿದ್ದವರ ಬಾಬ್ತು. ಆಳುಕಾಳುಗಳು ಚಿತ್ರದೊಳಗೆ ಬಂದರೂ ಯಜಮಾನರ ಕುದುರೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದರು. ಅವರ ಹೆಸರು ಯಾರಿಗೆ ಬೇಕಿತ್ತು?

ವೇಲ್ಸ್‌ನ ರೆಕ್ಸ್‌ಹ್ಯಾಮ್ ಹತ್ತಿರದ ಎರ್ದಿಗ್ ಬಂಗಲೆಯ ಯಜಮಾನ ಫಿಲಿಪ್ ಯಾರ್ಕ್‌ಗೆ ಬೇಕಿತ್ತು. 1791ರಿಂದ ಆತ ಜಾನ್ ವಾಲ್ಟರ್ಸ್ ಎಂಬ ಸ್ಥಳೀಯ ಚಿತ್ರಕಾರನ ಕೈಲಿ ತನ್ನ ಕೆಲಸದವರನ್ನು ಒಬ್ಬೊಬ್ಬರನ್ನಾಗಿ ಬರೆಸಿದ. ಬಡಗಿ, ಕಮ್ಮಾರ, ಕಟುಕ, ಅಡುಗೆಮನೆಯ ಆಳು, ಎಲ್ಲರಿಗೂ ಒಂದೊಂದು ಚಿತ್ರ. ಪ್ರತಿ ಚಿತ್ರಕ್ಕೂ ತಾನೇ ಪದ್ಯ ಕಟ್ಟಿದ. ಮನೆಗೆಲಸದ ಜೇನ್ ಎಬ್ರೆಲ್‌ಳನ್ನು ಬರೆದದ್ದು 1793ರಲ್ಲಿ, ಆಕೆಗೆ ಆಗ 87 ವರ್ಷ. ಜೇಡರ ಬಲೆ ಹೊಡೆಯುವ ಕೆಲಸಕ್ಕೆ ಸೇರಿ ಹತ್ತಿರ ಹತ್ತಿರ ಎಪ್ಪತ್ತು ವರ್ಷವಾಯಿತು, ಈಕೆ ನಮ್ಮೆಲ್ಲರ ತಾಯಿ ಎನ್ನುತ್ತದೆ ಪದ್ಯ. ವಾಲ್ಟರ್ಸ್ ದೊಡ್ಡ ಕಲಾವಿದನೇನಲ್ಲ. ಆದರೆ ಆ ಮುದುಕಿ ಯಾರು, ಏನು ಮಾಡುತ್ತಿದ್ದಳು ಎಂದು ಇವತ್ತು ನಮಗೆ ಗೊತ್ತಿದೆ. ನನಗೆ ಅದೇ ದೊಡ್ಡದು.

ಹೆಚ್ಚುಕಡಿಮೆ ಇದೇ ಕಾಲದ ಸ್ಪೇನ್‌ನ ಚಿತ್ರಕಾರ ಗೋಯಾನನ್ನು ನೋಡಿ. ಅವನ 'ಕುಲುಮೆ' ಚಿತ್ರದಲ್ಲಿ ಮೂವರು ಕಮ್ಮಾರರು ಕೆಂಪಗೆ ಕಾದ ಕಬ್ಬಿಣದ ಸುತ್ತ ನಿಂತಿದ್ದಾರೆ. ಸುತ್ತಿಗೆ ಎತ್ತಿದವನ ಬೆನ್ನು ನಮ್ಮ ಕಡೆಗಿದೆ. ದುಡಿಮೆಯ ಕಸುವನ್ನು ಇಷ್ಟು ಜೋರಾಗಿ ತೋರಿಸಿದ ಚಿತ್ರಗಳು ಕಡಿಮೆ. ಆದರೆ ಆ ಮೂವರು ಯಾರು? ರೊಮ್ಯಾಂಟಿಕ್ ಯುಗದ, ಅಂದರೆ 18ನೇ ಶತಮಾನದ ಕೊನೆಯಿಂದ 19ನೇ ಶತಮಾನದ ಮಧ್ಯದವರೆಗಿನ ಕಲೆಯಲ್ಲಿ ಬಡವರು ಬೇಕಾದಷ್ಟು ಸಿಗುತ್ತಾರೆ, ಹೆಸರಿಟ್ಟುಕೊಂಡು ಬರುವವರು ಮಾತ್ರ ಅಪರೂಪ.

ಹೆಸರಿನ ಸಮೇತ ಕಾರ್ಖಾನೆಯ ಕೆಲಸಗಾರರು ಕಾಣಿಸಿಕೊಂಡದ್ದೂ ವೇಲ್ಸ್‌ನಲ್ಲೇ. 1830ರ ದಶಕದಲ್ಲಿ ಕಬ್ಬಿಣದ ಉದ್ಯಮಿಗಳ ಮನೆತನದ ಫ್ರಾನ್ಸಿಸ್ ಕ್ರಾಶೇ ತನ್ನ ಹಿರ್ವಾನ್ ಮತ್ತು ಟ್ರಿಫಾರೆಸ್ಟ್ ಕಾರ್ಖಾನೆಗಳ 16 ಜನರ ಪುಟ್ಟ ಚಿತ್ರಗಳನ್ನು ವಿಲಿಯಂ ಜೋನ್ಸ್ ಚಾಪ್‌ಮನ್‌ನಿಂದ ಬರೆಸಿದ. ಅದರಲ್ಲಿ ಕುಲುಮೆಯ ಕಿಟ್ಟ ತುಂಬುವ ಡೇವಿಡ್ ಡೇವಿಸ್ ಕೂಡ ಇದ್ದಾನೆ. ಕೆಲಸಗಾರರ ಜೊತೆ ಮಾತಾಡಲು ಫ್ರಾನ್ಸಿಸ್ ವೆಲ್ಷ್ ಭಾಷೆಯನ್ನೂ ಕಲಿತಿದ್ದ.

ಹಾಗಂತ ಇದನ್ನು ಸುಮ್ನೆ ಪ್ರೀತಿ ಅಂದುಬಿಡುವುದು ಕಷ್ಟ. 1831ರಲ್ಲಿ ಪಕ್ಕದ ಮರ್ಥರ್‌ನಲ್ಲಿ ಕೆಲಸಗಾರರು ದಂಗೆ ಎದ್ದಿದ್ದರು. ಫ್ರಾನ್ಸಿಸ್‌ನ ಅಪ್ಪ ಕೂಲಿ ಕಡಿತ ಮಾಡಿದ್ದೂ ಅದಕ್ಕೆ ಒಂದು ಕಾರಣ. ಸೈನಿಕರು ಗುಂಡು ಹಾರಿಸಿದರು, ಡಿಕ್ ಪೆಂಡೆರಿನ್ ಎಂಬ ಯುವಕನನ್ನು ಕಾರ್ಡಿಫ್‌ನಲ್ಲಿ ಗಲ್ಲಿಗೇರಿಸಿದರು. ಅದಾದ ಕೆಲವೇ ವರ್ಷಕ್ಕೆ ಅದೇ ಮನೆತನದ ದುಡ್ಡಿನಲ್ಲಿ ಕೆಲಸಗಾರರ ಚಿತ್ರ! ಯಾರನ್ನು ಬರೆಸಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸಿದ್ದು ಯಜಮಾನನೇ ಅಲ್ವಾ? ಎರ್ದಿಗ್‌ನಲ್ಲೂ ಅಷ್ಟೇ.

ಈ ಹಿಡಿತ ಸಡಿಲವಾದದ್ದು ಫೋಟೋ ಅಗ್ಗವಾದ ಮೇಲೆ. 1854ರಲ್ಲಿ ಪ್ಯಾರಿಸ್‌ನ ಫೋಟೋಗ್ರಾಫರ್ ಡಿಸ್‌ಡೇರಿ ಒಂದೇ ಗಾಜಿನ ಮೇಲೆ ಹಲವು ಪುಟ್ಟ ಫೋಟೋ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಮುಂದೆ ಬೆಲೆ ಇಳಿಯುತ್ತಾ ಹೋದಂತೆ ಕೂಲಿಯವರೂ ಸ್ವಂತ ಕಾಸು ಕೊಟ್ಟು ಸ್ಟುಡಿಯೋಗೆ ಹೋದರು. ಯಾವ ಬಟ್ಟೆ ಹಾಕಿಕೊಳ್ಳಬೇಕು, ಪಕ್ಕದಲ್ಲಿ ಯಾರನ್ನು ಕೂರಿಸಿಕೊಳ್ಳಬೇಕು ಎಂದು ಅವರೇ ತೀರ್ಮಾನಿಸತೊಡಗಿದರು.