ಒಂದೇ ಹೆಸರಿನ ಇಬ್ಬರಲ್ಲಿ ನಮ್ಮ ಹಿರಿಯರು ಯಾರು?

ಪ್ರಶ್ನೆ: ನನ್ನ ಅಳಿಯ ಇಂಗ್ಲೆಂಡಿನವರು. ಮೊಮ್ಮಕ್ಕಳಿಗಾಗಿ ಅವರ ಕಡೆಯ ವಂಶವೃಕ್ಷ ಮಾಡುತ್ತಿದ್ದೇನೆ. 1851ರ ಜನಗಣತಿಯಲ್ಲಿ ಅವರ ಹಿರಿಯರೊಬ್ಬರು ಸಿಕ್ಕಿದರು. ಹೆಸರು ಥಾಮಸ್, ಕಸುಬು ಬಡಗಿ, ವಯಸ್ಸು 38. ಆದರೆ ಅದೇ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಚರ್ಚ್ ದಾಖಲೆಗಳಲ್ಲಿ ಅದೇ ಹೆಸರು, ಅದೇ ಮನೆತನದ ಹೆಸರು ಇರುವ ಇಬ್ಬರು ಮಕ್ಕಳ ಬ್ಯಾಪ್ಟಿಸಮ್ (ಚರ್ಚಿನಲ್ಲಿ ಮಾಡಿಸುವ ದೀಕ್ಷಾಸ್ನಾನ) ಇದೆ. ಒಂದು 1812ರ ಮೇ, ಇನ್ನೊಂದು 1814ರ ಫೆಬ್ರವರಿ. ಯಾರನ್ನು ಸೇರಿಸಲಿ?

ಉತ್ತರ: ಸದ್ಯಕ್ಕೆ ಯಾರನ್ನೂ ಸೇರಿಸಬೇಡಿ. ಲೆಕ್ಕ ಹಾಕಿದರೆ 1812ರ ಮಗುವೇ ಸರಿ ಅನ್ನಿಸುತ್ತದೆ, ಅಲ್ವಾ? ಆ ಜನಗಣತಿ ನಡೆದದ್ದು 1851ರ ಮಾರ್ಚ್ 30ರಂದು, 38 ವರ್ಷ ಕರೆಕ್ಟಾಗಿ ಹೊಂದುತ್ತದೆ. ಆದರೆ ಬ್ಯಾಪ್ಟಿಸಮ್ ತಾರೀಖು ಹುಟ್ಟಿದ ತಾರೀಖಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಡವಾಗಿ ಮಾಡಿಸಿದವರೂ ಇದ್ದರು. ಹಾಗಾಗಿ 1814ರ ಮಗುವೂ ಇನ್ನೂ ಲೆಕ್ಕದಲ್ಲಿದೆ.

1841ರ ಜನಗಣತಿ ನೋಡಿದರೆ ಗೊತ್ತಾಗಬಹುದು ಅಂದುಕೊಳ್ಳುತ್ತೀರಿ. ಇಲ್ಲಿ ಅದು ಕೈಕೊಡುತ್ತದೆ. ಆ ವರ್ಷ 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂದು ಸೂಚನೆಯಿತ್ತು. 29 ವರ್ಷದವನೂ 25, 27 ವರ್ಷದವನೂ 25! ಮನೆಯವರ ಪರಸ್ಪರ ಸಂಬಂಧವನ್ನೂ ಅದರಲ್ಲಿ ಬರೆದಿಲ್ಲ. ಹುಟ್ಟಿದ ಊರಿನ ಬದಲು, ಅದೇ ಕೌಂಟಿಯಲ್ಲಿ ಹುಟ್ಟಿದ್ದಾರಾ ಎಂದಷ್ಟೇ ಕೇಳಿದ್ದರು. 1851ರಿಂದ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಬರುವ ಪ್ರದೇಶ) ಯಾವುದು ಅಂತ ಬರೆಸಿಕೊಳ್ಳತೊಡಗಿದರು. ನಿಮ್ಮ ಥಾಮಸ್ ಯಾವ ಪ್ಯಾರಿಷ್ ಹೇಳಿದ್ದಾರೆ ನೋಡಿ. ಆಮೇಲೆ 1861, 1871ರಲ್ಲೂ ಅದನ್ನೇ ಹೇಳಿದ್ದಾರಾ ನೋಡಿ. ಇಂಡೆಕ್ಸ್ (ದಾಖಲೆ ಓದಿ ಟೈಪ್ ಮಾಡಿದ ಹೆಸರುಗಳ ಪಟ್ಟಿ) ನಂಬಿ ಕೂರಬೇಡಿ, ಮೂಲ ಪುಟದ ಚಿತ್ರವನ್ನೇ ತೆರೆದು ಓದಿ. ಹಳೆಯ ಕೈಬರಹ ತಪ್ಪಾಗಿ ಓದಿ ಟೈಪ್ ಮಾಡಿರುವುದು ಬಹಳ.

ಈಗ ಎರಡು ಬ್ಯಾಪ್ಟಿಸಮ್ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1812ರದ್ದರಲ್ಲಿ ಹೆಚ್ಚಾಗಿ ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ತಾರೀಖು, ಅಷ್ಟೇ. 1813ರ ಜನವರಿಯಿಂದ ಅಚ್ಚು ಹಾಕಿದ ಫಾರಂ ಬಂತು. ಅದರಲ್ಲಿ ಅಪ್ಪ ಅಮ್ಮ ವಾಸವಿದ್ದ ಜಾಗಕ್ಕೊಂದು, ಅಪ್ಪನ ಕಸುಬಿಗೊಂದು ಅಂಕಣ. 1814ರ ದಾಖಲೆಯಲ್ಲಿ ಅಪ್ಪ ಬಡಗಿ ಅಂತ ಕಂಡರೆ ಖುಷಿಯಾಗಿ ಅದನ್ನೇ ಆರಿಸಿಕೊಳ್ಳಬೇಡಿ. ಇನ್ನೊಬ್ಬ ಅಪ್ಪನೂ ಬಡಗಿಯೇ ಇದ್ದಿರಬಹುದು. ಬರೆದುಕೊಳ್ಳಲು ಅಂಕಣ ಇರಲಿಲ್ಲ, ಅಷ್ಟೇ.

ಜನ ಸಾಮಾನ್ಯವಾಗಿ ಬಿಟ್ಟುಬಿಡುವುದು ಸಮಾಧಿ ರಿಜಿಸ್ಟರ್. ನನ್ನ ಪ್ರಕಾರ ಅದನ್ನೇ ಮೊದಲು ನೋಡಬೇಕು. ಆ ಕಾಲದಲ್ಲಿ ಎಷ್ಟೋ ಮಕ್ಕಳು ಬಾಲ್ಯದಲ್ಲೇ ತೀರಿಕೊಳ್ಳುತ್ತಿದ್ದರು. ತೀರಿಕೊಂಡ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದೂ ಇತ್ತು. 1813ರ ನಂತರದ ಸಮಾಧಿ ಫಾರಂನಲ್ಲಿ ವಯಸ್ಸು, ವಾಸದ ಜಾಗ ಎರಡೂ ಇರುತ್ತವೆ. 1815ರಲ್ಲಿ ಮೂರು ವರ್ಷದ ಥಾಮಸ್‌ನ ಸಮಾಧಿ ಸಿಕ್ಕಿ, ಜಾಗವೂ ಹೊಂದಿದರೆ, 1812ರ ಮಗು ನಿಮ್ಮ ಬಡಗಿಯಾಗಲು ಸಾಧ್ಯವೇ ಇಲ್ಲ. ಎಷ್ಟೋ ಮನೆತನಗಳ ವೃಕ್ಷದಲ್ಲಿ ಬಾಲ್ಯದಲ್ಲೇ ಹೋದ ಮಗುವಿಗೆ ಮದುವೆ ಮಾಡಿ, ಮೊಮ್ಮಕ್ಕಳನ್ನೂ ಕೊಟ್ಟಿರುತ್ತಾರೆ. ಇಂಟರ್ನೆಟ್ಟಿನಲ್ಲಿ ಒಬ್ಬರದ್ದನ್ನು ನೋಡಿ ಹತ್ತು ಜನ ನಕಲು ಮಾಡಿರುವುದರಿಂದ ಅದೇ ನಿಜ ಅನ್ನಿಸಿಬಿಡುತ್ತದೆ.

ಇಬ್ಬರೂ ಬದುಕಿದ್ದರೆ ಇಬ್ಬರನ್ನೂ ಬೆನ್ನಟ್ಟಿ. ಇನ್ನೊಬ್ಬ ಥಾಮಸ್ 1851ರಲ್ಲಿ ಪಕ್ಕದ ಹಳ್ಳಿಯಲ್ಲಿ ಕಂಡರೆ, ಆತ ಯಾವ ಅಪ್ಪ ಅಮ್ಮನ ಮಗ ಅಂತ ಖಚಿತ ಮಾಡಿಕೊಂಡರೆ ನಿಮ್ಮವರು ಯಾರು ಅನ್ನೋದು ಅರ್ಧ ಗೊತ್ತಾದ ಹಾಗೆ.

ಮುಖ್ಯ ಸಾಕ್ಷಿ ಮದುವೆ ದಾಖಲೆ. ಮದುವೆ 1837ರ ಜುಲೈ 1ರ ನಂತರ ಆಗಿದ್ದರೆ ನಿಮ್ಮ ಅದೃಷ್ಟ. ಅಂದು ಸರ್ಕಾರಿ ನೋಂದಣಿ ಶುರುವಾಯಿತು, ಮದುವೆ ಸರ್ಟಿಫಿಕೇಟಿನಲ್ಲಿ ಗಂಡಿನ ಅಪ್ಪನ ಹೆಸರು, ಕಸುಬು ಎರಡಕ್ಕೂ ಜಾಗವಿದೆ. ಅದಕ್ಕಿಂತ ಹಿಂದಿನದಾದರೆ ಅಪ್ಪನ ಹೆಸರು ಸಾಮಾನ್ಯವಾಗಿ ಇರಲ್ಲ, ಆದರೆ 1754ರಿಂದ ವಧೂವರರ ಜೊತೆ ಸಾಕ್ಷಿಗಳೂ ರಿಜಿಸ್ಟರಿನಲ್ಲಿ ಸಹಿ ಹಾಕಬೇಕಿತ್ತು. ಸಾಕ್ಷಿಗಳ ಹೆಸರನ್ನು ಸುಮ್ನೆ ದಾಟಬೇಡಿ. ಅಣ್ಣನೋ ತಂಗಿಯೋ ಸಾಕ್ಷಿಯಾಗಿದ್ದರೆ, ಅದೇ ಹೆಸರಿನ ಮಗು ಇಬ್ಬರಲ್ಲಿ ಯಾವ ಮನೆಯಲ್ಲಿ ಹುಟ್ಟಿದೆ ಅಂತ ಹುಡುಕಬಹುದು. ಥಾಮಸ್ ತಾವೇ ಸಹಿ ಹಾಕಿದ್ದಾರಾ, ಬರೀ ಕ್ರಾಸ್ ಗುರುತು ಹಾಕಿದ್ದಾರಾ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಒಬ್ಬ ಅಚ್ಚುಕಟ್ಟಾಗಿ ಸಹಿ ಹಾಕುವವನು, ಇನ್ನೊಬ್ಬ ಗುರುತು ಹಾಕುವವನು ಅಂತಾದರೆ ಮುಂದೆ ಸಿಗುವ ಕಾಗದಗಳನ್ನು ಬೇರೆ ಮಾಡಲು ಅನುಕೂಲ.

ಇನ್ನೊಂದು ಎಚ್ಚರಿಕೆ. ಹೆಸರಿನ ಮುಂದೆ ಜೂನಿಯರ್, ಸೀನಿಯರ್ ಅಂತಿದ್ದರೆ ಅಪ್ಪ ಮಗ ಅಂದುಕೊಳ್ಳಬೇಡಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ಹಿರಿಯ ಕಿರಿಯರನ್ನು, ಅವರು ಚಿಕ್ಕಪ್ಪನೋ ಸಂಬಂಧವೇ ಇಲ್ಲದವರೋ ಆಗಿದ್ದರೂ, ಹಾಗೆ ಕರೆಯುತ್ತಿದ್ದರು.

ಇಬ್ಬರೂ ನಿಮ್ಮವರಲ್ಲದೆ ಇರುವ ಸಾಧ್ಯತೆಯೂ ಇದೆ. ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಹೊರಗಿದ್ದ ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಮುಂತಾದ ಕ್ರೈಸ್ತ ಪಂಗಡದವರು ಬೇರೆ ರಿಜಿಸ್ಟರ್ ಇಟ್ಟುಕೊಳ್ಳುತ್ತಿದ್ದರು. 1837ಕ್ಕೂ ಹಿಂದಿನ ಅಂಥ ಎಷ್ಟೋ ಪುಸ್ತಕಗಳು ಈಗ ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್ (ಸರ್ಕಾರಿ ದಾಖಲೆ ಭಂಡಾರ) ನಲ್ಲಿವೆ.

ಇಷ್ಟಾದರೂ ಗಂಟು ಬಿಡದಿದ್ದರೆ ಉಯಿಲುಗಳಿಗೆ ಹೋಗಿ. ಥಾಮಸ್ ಅವರದ್ದೇ ಬೇಕಂತಿಲ್ಲ. ಮಕ್ಕಳಿಲ್ಲದ ಚಿಕ್ಕಪ್ಪ, ಮದುವೆಯಾಗದ ಅತ್ತೆಯಂಥವರ ಉಯಿಲಿನಲ್ಲಿ ಅಣ್ಣ ತಮ್ಮಂದಿರ ಮಕ್ಕಳ ಹೆಸರು ಜಾಸ್ತಿ ಇರುತ್ತದೆ. 1858ರ ಜನವರಿಗೆ ಮುಂಚಿನವು ಚರ್ಚ್ ಕೋರ್ಟುಗಳ ದಾಖಲೆಗಳಲ್ಲಿ, ಆಮೇಲಿನವು ಸರ್ಕಾರದ ಪ್ರೊಬೇಟ್ (ಉಯಿಲಿಗೆ ಅಧಿಕೃತ ಒಪ್ಪಿಗೆ) ಪಟ್ಟಿಯಲ್ಲಿ ಸಿಗುತ್ತವೆ. ಅಲ್ಲಿಯೂ ಸಿಗದಿದ್ದರೆ ವೃಕ್ಷವನ್ನು ಥಾಮಸ್ ಅವರಲ್ಲಿಗೇ ನಿಲ್ಲಿಸಿ, ಪಕ್ಕದಲ್ಲಿ ಎರಡು ಬ್ಯಾಪ್ಟಿಸಮ್‌ಗಳ ವಿವರವನ್ನೂ, ನೋಡಿ ಮುಗಿಸಿದ ರಿಜಿಸ್ಟರುಗಳ ಹೆಸರನ್ನೂ ಬರೆದಿಡಿ. ಮುಂದೆ ಹುಡುಕುವ ಮೊಮ್ಮಕ್ಕಳು ಅಲ್ಲಿಂದ ಶುರು ಮಾಡಬಹುದು.