ಕೈಗುಣ ಕಲಿಸುವ ವಾರ್ಡು

"ಆ ಡಾಕ್ಟರ ಕೈಗುಣ ಚೆನ್ನಾಗಿದೆ" ಎಂಬ ಮಾತನ್ನು ಮೈಸೂರಿನ ದೊಡ್ಡಾಸ್ಪತ್ರೆಯ, ಅಂದರೆ ಕೆ.ಆರ್. ಆಸ್ಪತ್ರೆಯ, ಯಾವ ಜಗಲಿಯಲ್ಲಿ ಕೂತರೂ ಕೇಳಬಹುದು. ಅದು ರಾಶಿ ನಕ್ಷತ್ರದ ಮಾತಿನ ಪಕ್ಕದಲ್ಲೇ ಬರುತ್ತದೆ: ಕೆಲವರ ಕೈಗೆ ದೈವ ಕೊಟ್ಟಿರುತ್ತದೆ, ಉಳಿದವರಿಗೆ ಇಲ್ಲ. ಅದರ ಬೆನ್ನಿಗೇ ಇನ್ನೊಂದು ಹಟ: "ಈ ಚಿಕ್ಕ ಡಾಕ್ಟರು ಮುಟ್ಟೋದು ಬೇಡ, ದೊಡ್ಡೋರೇ ಬರ್ಲಿ." ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೈಗುಣ ಇರುವುದು ನಿಜ. ಅದು ಬೆಳೆಯುವ ಜಾಗ ಮಾತ್ರ ಜಾತಕವಲ್ಲ, ಜನರಲ್ ಮೆಡಿಸಿನ್ ವಾರ್ಡು. ಎಂ.ಬಿ.ಬಿ.ಎಸ್. ಮುಗಿದ ಮೇಲಿನ ಎಂ.ಡಿ. ತರಬೇತಿಯ ಮೂರು ವರ್ಷ ಊಹಿಸಿ, ಎಡವಿ, ತಿದ್ದಿಸಿಕೊಂಡ ಕೈಗೆ ಅದು ಬರುತ್ತದೆ.

ಎದೆ ತಟ್ಟಿ ನೋಡುವ ಡಾಕ್ಟರನ್ನು ನೀವು ಕಂಡಿರುತ್ತೀರಿ. ಎಡಗೈ ನಡುಬೆರಳನ್ನು ಪಕ್ಕೆಲುಬುಗಳ ಸಂದಿಗೆ ಒತ್ತಿಟ್ಟು, ಬಲಗೈ ನಡುಬೆರಳಿನಿಂದ ಮಣಿಕಟ್ಟು ಆಡಿಸಿ ಅದರ ಮೇಲೆ ಹೊಡೆಯುತ್ತಾರೆ. ಒಳಗೆ ಗಾಳಿ ತುಂಬಿದ ಶ್ವಾಸಕೋಶವಿದ್ದರೆ ಸದ್ದು ತುಸು ಹೊತ್ತು ಗುಂಯ್ ಎನ್ನುತ್ತದೆ. ಕ್ಷಯದಿಂದಲೋ ಹೃದಯದ ತೊಂದರೆಯಿಂದಲೋ ಶ್ವಾಸಕೋಶದ ಸುತ್ತ ನೀರು ತುಂಬಿದ್ದರೆ ಗೋಡೆಗೆ ಹೊಡೆದ ಹಾಗೆ ಸತ್ತುಹೋಗುತ್ತದೆ. ಕಿವಿಗಿಂತ ಮೊದಲು ಕೆಳಗಿನ ಬೆರಳಿಗೇ ಆ ಗಟ್ಟಿತನ ತಿಳಿಯುತ್ತದೆ. ನಮ್ಮಜ್ಜಿಯರು ರಾಗಿ ಗುಡಾಣವನ್ನು ಮೇಲಿಂದ ಕೆಳಗೆ ತಟ್ಟುತ್ತಾ ಬಂದು "ಇಲ್ಲಿವರೆಗೆ ಇದೆ" ಎನ್ನುತ್ತಿದ್ದರಲ್ಲ, ಅದೇ ಕೆಲಸ ಇದು.

ಇದನ್ನು ಮೊದಲು ವೈದ್ಯಕ್ಕೆ ತಂದವನು ಆಸ್ಟ್ರಿಯಾದ ಔಯೆನ್‌ಬ್ರುಗ್ಗರ್. ಗ್ರಾಜ್ ಪಟ್ಟಣದ ಹೋಟೆಲಿನವನ ಮಗ. ಅಪ್ಪ ವೈನ್ ಪೀಪಾಯಿ ತಟ್ಟಿ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದುದೇ ಮಗನಿಗೆ ಹೊಳಹು ಕೊಟ್ಟಿತೆಂದು ವೈದ್ಯರು ಇಂದಿಗೂ ಹೇಳಿಕೊಂಡು ಬಂದಿದ್ದಾರೆ. ಸಂಗೀತದ ಕಿವಿಯೂ ಇತ್ತು. ಮುಂದೆ ಸಂಗೀತ ರಚನೆಕಾರ ಸಲಿಯೇರಿಗೆ ಒಂದು ಸಂಗೀತ ನಾಟಕದ ಸಾಹಿತ್ಯ ಬರೆದುಕೊಟ್ಟ. ಆದರೆ ಕಥೆಯ ತಿರುಳು ಪೀಪಾಯಿಯಲ್ಲಿಲ್ಲ. ವಿಯೆನ್ನಾದ ಆಸ್ಪತ್ರೆಯಲ್ಲಿ ಅವನು ಏಳು ವರ್ಷ ರೋಗಿಗಳ ಎದೆ ತಟ್ಟಿದ. ತೀರಿಕೊಂಡವರ ಶವಪರೀಕ್ಷೆಯಲ್ಲಿ ತನ್ನ ಊಹೆ ಸರಿಯೇ ಎಂದು ನೋಡಿದ. ಶವದ ಎದೆಗೂಡಿಗೆ ನೀರು ತುಂಬಿಸಿ, ಮತ್ತೆ ತಟ್ಟಿ, ಸದ್ದು ಎಲ್ಲಿ ಬದಲಾಗುತ್ತದೆಂದು ಗುರುತಿಸಿದ. 1761ರಲ್ಲಿ ಪುಸ್ತಕ ಬರೆದ. ಹೆಚ್ಚಿನವರು ಅತ್ತ ತಿರುಗಿಯೂ ನೋಡಲಿಲ್ಲ. 1808ರಲ್ಲಿ ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ ಅದನ್ನು ಫ್ರೆಂಚಿಗೆ ತಂದಮೇಲೇ ಅದಕ್ಕೆ ಬೆಲೆ ಬಂತು.

ಏಳು ವರ್ಷ ತಟ್ಟಿದ್ದಕ್ಕಿಂತ, ತಟ್ಟಿ ಊಹಿಸಿದ್ದನ್ನು ಆಮೇಲೆ ಒಳಗೇನಿದೆ ಎಂದು ತೆರೆದು ನೋಡಿದ್ದು ದೊಡ್ಡದು. ಮದ್ದೂರಿನ ಎಳನೀರು ಮಾರುವವನನ್ನು ನೋಡಿ. ಕಾಯಿ ತಟ್ಟುತ್ತಾನೆ, "ಗಂಜಿ ಇದೆ" ಎನ್ನುತ್ತಾನೆ, ಮರುಕ್ಷಣ ಮಚ್ಚು ಬೀಸುತ್ತಾನೆ. ಊಹೆಗೂ ಉತ್ತರಕ್ಕೂ ನಡುವೆ ಅರ್ಧ ನಿಮಿಷವೂ ಇಲ್ಲ. ದಿನಕ್ಕೆ ನೂರು ಕಾಯಿ ಎಂದರೆ ನೂರು ಪರೀಕ್ಷೆ, ನೂರು ಫಲಿತಾಂಶ. ಮಂಡ್ಯದ ಆಲೆಮನೆಯಲ್ಲಿ ಪಾಕ ನೋಡುವವನೂ ಹಾಗೇ: ಹದ ಬಂತೆಂದು ಕಣ್ಣಿಗೆ ಅನ್ನಿಸಿದಾಗ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟುತ್ತದೆಯೇ ನೋಡುತ್ತಾನೆ. ಇನ್ನು ಇದನ್ನು ತಿರುಗಿಸಿ ನೋಡಿ. ಒಡೆದ ಎಳನೀರನ್ನೇ ಕೈಗೆ ಕೊಟ್ಟು ಈಗ ತಟ್ಟು ಎಂದರೆ ಹುಡುಗ ಸಾವಿರ ಕಾಯಿ ತಟ್ಟಿದರೂ ಏನೂ ಕಲಿಯುವುದಿಲ್ಲ. ಮೆದುಳು ತಿದ್ದಿಕೊಳ್ಳುವುದು ತಾನು ಎಣಿಸಿದ್ದಕ್ಕೂ ಆದದ್ದಕ್ಕೂ ಅಂತರ ಕಂಡಾಗ. ಎಣಿಕೆಯೇ ಇಲ್ಲದಿದ್ದರೆ ಅಂತರ ಎಲ್ಲಿಂದ ಬರಬೇಕು?

ಓದಿನಲ್ಲೂ ಇದೇ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು, ಕೆಲವರು ಪುಟ ಮುಚ್ಚಿ ನೆನಪಿಸಿಕೊಂಡು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರದೇ ಮೇಲುಗೈ. ವಾರ ಕಳೆದಾಗ ನೆನಪಿಸಿಕೊಂಡವರು ಮುಂದಿದ್ದರು.

ನನ್ನ ಚಿಂತೆ ಹುಟ್ಟುವುದು ಇಲ್ಲೇ. ಇವತ್ತು ಎಂ.ಡಿ. ಓದುವ ವಿದ್ಯಾರ್ಥಿ ರೋಗಿಯ ಬಳಿ ಬರುವ ಹೊತ್ತಿಗೆ ಸ್ಕ್ಯಾನ್ ವರದಿ ಫೈಲಿನಲ್ಲಿ ಕೂತಿರುತ್ತದೆ. ಬಲಗಡೆ ನೀರಿದೆ ಎಂದು ಓದಿಯೇ ಬಲಗಡೆ ತಟ್ಟುತ್ತಾರೆ, ಬೆರಳು ಹೌದು ಎನ್ನುತ್ತದೆ. ಉತ್ತರ ಗೊತ್ತಿರುವ ಬೆರಳು ಯಾವಾಗಲೂ ಹೌದೇ ಎನ್ನುತ್ತದೆ. ಸ್ಕ್ಯಾನ್ ಬೇಡ ಎಂದು ಯಾರೂ ಹೇಳುತ್ತಿಲ್ಲ. ಮುನ್ನೂರು ಮಿಲಿಲೀಟರಿಗಿಂತ ಕಡಿಮೆ ನೀರನ್ನು ನುರಿತ ಬೆರಳೂ ಸಾಮಾನ್ಯವಾಗಿ ಹಿಡಿಯಲಾರದು. ಅಲ್ಟ್ರಾಸೌಂಡ್ ಅದಕ್ಕಿಂತ ಎಷ್ಟೋ ಕಡಿಮೆಯನ್ನು ತೋರಿಸುತ್ತದೆ. ಯಾವುದು ಮೊದಲು ಎಂಬುದೊಂದೇ ಪ್ರಶ್ನೆ.

ವಾರ್ಡು ಸುತ್ತುವ ರೌಂಡ್ಸಿನಲ್ಲಿ ಚೀಫ್, ಅಂದರೆ ಹಿರಿಯ ವೈದ್ಯರು, ಏನು ಕೇಳುತ್ತಾರೆ ಎಂಬುದರ ಮೇಲೂ ಇದು ನಿಂತಿದೆ. 1889ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವೈದ್ಯಗುರು ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ಹಾಸಿಗೆಯ ಪಕ್ಕಕ್ಕೆ ಕರೆತಂದ. ತರಬೇತಿಯಲ್ಲಿದ್ದ ಚಿಕ್ಕ ಡಾಕ್ಟರುಗಳು ಆಸ್ಪತ್ರೆಯಲ್ಲೇ ವಾಸವಿದ್ದು ಕಲಿಯುತ್ತಿದ್ದರಿಂದ ಅವರಿಗೆ ರೆಸಿಡೆಂಟ್ ಎಂಬ ಹೆಸರು. ಹಾಸಿಗೆಯ ಪಕ್ಕ ನಿಂತರೂ ಗುರುವೇ ಎಲ್ಲ ಹೇಳಿಬಿಟ್ಟರೆ ಅದು ಮತ್ತೆ ಉಪನ್ಯಾಸವೇ. 1992ರಲ್ಲಿ ಅಮೆರಿಕದ ಕುಟುಂಬ ವೈದ್ಯ ಶಿಕ್ಷಕರು ವಿವರಿಸಿದ 'ಒಂದು ನಿಮಿಷದ ಗುರು' ಎಂಬ ಕ್ರಮ ಇದಕ್ಕೇ ಇಷ್ಟವಾಗುತ್ತದೆ. ಅದರಲ್ಲಿ ಗುರುವಿನ ಮೊದಲ ಮಾತು "ನಿನಗೇನು ಅನ್ನಿಸುತ್ತದೆ?" ಎರಡನೆಯದು "ಯಾಕೆ?" ಆಮೇಲಷ್ಟೇ ಒಂದು ಸೂತ್ರ ಹೇಳುವುದು, ಸರಿಯಿದ್ದುದನ್ನು ಸರಿ ಎನ್ನುವುದು, ತಪ್ಪನ್ನು ತಿದ್ದುವುದು. ಓಪಿಡಿಯಲ್ಲಿ ಸಾಲು ಬಾಗಿಲು ದಾಟಿದ್ದರೂ ಆ ಮೊದಲ ಪ್ರಶ್ನೆಗೆ ಸಮಯ ಸಾಲುತ್ತದೆ. ಆದರೆ ತಪ್ಪು ಉತ್ತರ ಕೊಟ್ಟವರನ್ನು ರೋಗಿಯ ಮುಂದೆ ಹೀಯಾಳಿಸುವ ಹಳೆಯ ರೂಢಿ ಇದ್ದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಊಹೆ ಹೊರಬೀಳದೆ ಒಳಗೇ ಕೊಳೆಯುತ್ತದೆ.

ಎಂ.ಡಿ. ಓದುವವರು ಈಗ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆ ವ್ಯವಸ್ಥೆಯಲ್ಲಿ ದುಡಿಯಬೇಕು. ಕೆಲವರಿಗೆ ಅದು ಶಿಕ್ಷೆಯಂತೆ ಕಾಣುತ್ತದೆ. ಸ್ಕ್ಯಾನ್ ತಡವಾಗುವ ಕಡೆ ಬೆರಳು ಮೊದಲು ಮಾತಾಡಲೇಬೇಕಾಗುತ್ತದೆ, ಅದಕ್ಕೆ ನಾನು ಅದನ್ನು ಅವಕಾಶ ಎನ್ನುತ್ತೇನೆ.

ದೊಡ್ಡ ವಾರ್ಡಿನಲ್ಲೂ ಇದಕ್ಕೆ ಖರ್ಚಿಲ್ಲದ ಒಂದು ದಾರಿಯಿದೆ. ಅಲ್ಟ್ರಾಸೌಂಡಿಗೆ ಕಳಿಸುವ ಮೊದಲು ವಿದ್ಯಾರ್ಥಿ, ರೋಗಿಯ ಒಪ್ಪಿಗೆ ಕೇಳಿ, ಬೆನ್ನು ತಟ್ಟುತ್ತಾ ಇಳಿದು, ಸದ್ದು ಸತ್ತ ಕಡೆ ಪೆನ್ನಿನಲ್ಲಿ ಒಂದು ಗೆರೆ ಎಳೆಯಲಿ. ಯಂತ್ರ ತೋರಿಸಿದ ಮಟ್ಟಕ್ಕೆ ಇನ್ನೊಂದು ಗೆರೆ. ನಡುವೆ ಎಷ್ಟು ಬೆರಳು ಅಂತರವಿತ್ತೆಂದು ಲಾಗ್‌ಬುಕ್ಕಿನಲ್ಲಿ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋಗಲಿ.