ಡಿಆರ್‌ಎಂ-ಫ್ರೀ: ಬೀಗ ಹಾಕದ ಇ-ಪುಸ್ತಕ

ಪೈಥಾನ್, ಲಿನಕ್ಸ್ ಅಂತ ಯಾವುದಾದರೂ ತಾಂತ್ರಿಕ ಇ-ಪುಸ್ತಕವನ್ನು ಪ್ರಕಾಶಕರ ಸೈಟಿನಲ್ಲೇ ಕೊಳ್ಳಲು ಹೋಗಿ. ಎಷ್ಟೋ ಕಡೆ ‘ಡಿಆರ್‌ಎಂ-ಫ್ರೀ’ ಎಂಬ ಪದ ಕಣ್ಣಿಗೆ ಬೀಳುತ್ತದೆ. ‘ಫ್ರೀ’ ನೋಡಿ ಪುಕ್ಕಟೆ ಅಂದುಕೊಳ್ಳಬೇಡಿ. ದುಡ್ಡು ಕೊಡಲೇಬೇಕು. ಆ ಪದದ ಅರ್ಥ ‘ಈ ಫೈಲಿಗೆ ಬೀಗ ಹಾಕಿಲ್ಲ’ ಅಂತ.

ಡಿಆರ್‌ಎಂ ಎಂದರೆ ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್. ಪುಸ್ತಕದ ಫೈಲನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಮಾಡಿ, ಅದರ ಕೀಲಿಯನ್ನು ನಿಮ್ಮ ಖಾತೆಗೆ ಅಥವಾ ನಿಮ್ಮ ರೀಡರಿಗೆ (ಇ-ಪುಸ್ತಕ ಓದುವ ಸಾಧನಕ್ಕೆ) ಕಟ್ಟಿಬಿಡುವ ಏರ್ಪಾಡು ಇದು. ಅಂಗಡಿ ಒಪ್ಪಿದ ಸಾಧನದಲ್ಲಿ ಮಾತ್ರ ಪುಸ್ತಕ ತೆರೆಯುತ್ತದೆ.

ನನಗೆ ಇದರ ಬಿಸಿ ತಟ್ಟಿದ್ದು ಹಳೇ ರೀಡರ್ ಒಡೆದಾಗ. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋದಲ್ಲಿ ಹೋಗುವಾಗ ಓದೋಣ ಅಂತ ಒಂದು ಆನ್‌ಲೈನ್ ಅಂಗಡಿಯಲ್ಲಿ ನಾಲ್ಕು ಪುಸ್ತಕ ಕೊಂಡಿದ್ದೆ. ಒಂದು ದಿನ ರೀಡರ್ ಕೈಜಾರಿ ಬಿದ್ದು ಪರದೆ ಹೋಯಿತು. ಬೇರೆ ಕಂಪನಿಯದು ತಂದು ಫೈಲು ಹಾಕಿದರೆ ನಾಲ್ಕರಲ್ಲಿ ಒಂದೂ ತೆರೆಯಲಿಲ್ಲ. ಡೇಟಾಬೇಸ್ ಪುಸ್ತಕವನ್ನು ಅರ್ಧ ಓದಿ ಮುಗಿಸಿದ್ದೆ. ತುಂಬಾ ಬೇಜಾರಾಯಿತು. ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೇ ಪುಸ್ತಕದಲ್ಲಿ ಹಿಂದಿನವರ ಹೆಸರು, ಪೆನ್ಸಿಲ್ ಗೆರೆ ಎಲ್ಲ ಇರುತ್ತದೆ. ಎಷ್ಟು ಕೈ ದಾಟಿ ಬಂದರೂ ಅದು ತೆರೆಯುತ್ತದೆ, ಅಲ್ವಾ? ಹೊಸದಾಗಿ ಕೊಂಡ ಪುಸ್ತಕಕ್ಕೆ ಅಷ್ಟೂ ಇಲ್ಲವಲ್ಲ ಅನ್ನಿಸಿತು.

ಅಲ್ಲಿಂದಾಚೆಗೆ ಪ್ರಕಾಶಕರಿಂದಲೇ ಕೊಳ್ಳುತ್ತೇನೆ. ಮ್ಯಾನಿಂಗ್, ನೋ ಸ್ಟಾರ್ಚ್ ಪ್ರೆಸ್, ಪ್ರಾಗ್ಮ್ಯಾಟಿಕ್ ಬುಕ್‌ಶೆಲ್ಫ್ ಬೀಗವಿಲ್ಲದ ಪುಸ್ತಕ ಮಾರುತ್ತವೆ. ಲೇಖಕರೇ ಪ್ರಕಟಿಸುವ ಲೀನ್‌ಪಬ್‌ನಲ್ಲೂ ಹಾಗೇ. ತಾಂತ್ರಿಕ ಪುಸ್ತಕಕ್ಕೆ ಇದು ಹೇಳಿ ಮಾಡಿಸಿದ ಪದ್ಧತಿ. ಬೆಳಿಗ್ಗೆ ರೀಡರಿನಲ್ಲಿ ಓದಿದ ಅಧ್ಯಾಯ ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಬೇಕಾಗುತ್ತದೆ. ಕೋಡಿನ ಹತ್ತು ಸಾಲು ಕಾಪಿ ಮಾಡಬೇಕಾಗುತ್ತದೆ. ತಪ್ಪು ತಿದ್ದಿದ ಹೊಸ ಫೈಲು ಬಂದರೆ, ಕೊಂಡವರು ಎಷ್ಟೋ ಸಲ ಮತ್ತೆ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು.

ಹೀಗೆ ಕೊಂಡಾಗ ಸಾಮಾನ್ಯವಾಗಿ ಪಿಡಿಎಫ್, ಇಪಬ್ ಎಂಬ ಎರಡೂ ಬಗೆಯ ಫೈಲು ಸಿಗುತ್ತವೆ. ಪಿಡಿಎಫ್‌ನಲ್ಲಿ ಪುಟ ಅಚ್ಚಾದ ಹಾಗೇ ಇರುತ್ತದೆ. 6 ಇಂಚಿನ ಪರದೆಯಲ್ಲಿ ಅಕ್ಷರ ಇರುವೆಯಷ್ಟಾಗುತ್ತದೆ. ಇಪಬ್ ಪರದೆಗೆ ತಕ್ಕಂತೆ ಸಾಲು ಮುರಿದುಕೊಳ್ಳುತ್ತದೆ. ಆದರೆ ಕೋಡಿನ ಉದ್ದ ಸಾಲುಗಳೂ ಮುರಿಯುತ್ತವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾಲಿನ ಶುರುವಿನಲ್ಲಿ ಬಿಡುವ ಖಾಲಿ ಜಾಗಕ್ಕೂ ಅರ್ಥ ಇರುವುದರಿಂದ ಗೊಂದಲ ಜಾಸ್ತಿ. ನಾನು ಓದಲು ಇಪಬ್, ಕೋಡ್ ನೋಡಲು ಪಿಡಿಎಫ್ ಇಟ್ಟುಕೊಳ್ಳುತ್ತೇನೆ. ಕೋಬೋ ರೀಡರ್ ಇಪಬ್ ಅನ್ನು ನೇರವಾಗಿ ತೆರೆಯುತ್ತದೆ. ಅಮೆಜಾನ್‌ನ ಕಿಂಡಲ್ ರೀಡರ್ ಇದ್ದವರು ‘ಸೆಂಡ್ ಟು ಕಿಂಡಲ್’ ಎಂಬ ಅದರ ಸೇವೆಯ ಮೂಲಕ ಕಳಿಸಬಹುದು. 2022ರಿಂದ ಅದು ಇಪಬ್ ತೆಗೆದುಕೊಳ್ಳುತ್ತಿದೆ.

ಬೀಗ ಇಲ್ಲ ಅನ್ನುವುದನ್ನು ಕಣ್ಣಾರೆ ನೋಡಬೇಕಾ? ಇಪಬ್ ಫೈಲಿನ ಒಂದು ಪ್ರತಿ ಮಾಡಿಕೊಂಡು, ಹೆಸರಿನ ಕೊನೆಯಲ್ಲಿರುವ ‘ಇಪಬ್’ ಜಾಗದಲ್ಲಿ ‘ಜಿಪ್’ ಅಂತ ಹಾಕಿ ಬಿಚ್ಚಿ. ಅಧ್ಯಾಯಗಳೆಲ್ಲ ವೆಬ್ ಪುಟಗಳ ಹಾಗೆ ಸಾಲಾಗಿ ಕೂತಿರುತ್ತವೆ. ಚಿತ್ರಗಳೂ ಅಲ್ಲೇ ಸಿಗುತ್ತವೆ. ಸುಮ್ನೆ ಬ್ರೌಸರಿನಲ್ಲಿ ತೆರೆದರೂ ಓದಬಹುದು. ಬೀಗ ಹಾಕಿದ ಇಪಬ್ ಬಿಚ್ಚಿದರೆ ಆ ಅಧ್ಯಾಯಗಳ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿ ಸಿಗುತ್ತದೆ.

ಬೀಗ ಇಲ್ಲ ಅಂದ ಮಾತ್ರಕ್ಕೆ ಹಕ್ಕುಸ್ವಾಮ್ಯ ಹೋಗಲಿಲ್ಲ. ಆಫೀಸಿನ ಗ್ರೂಪಿನಲ್ಲಿ ಹಂಚಿದರೆ ತಪ್ಪೇ. ಕೆಲವು ಪ್ರಕಾಶಕರು ಪುಟದ ಅಡಿಯಲ್ಲಿ ಕೊಂಡವರ ಹೆಸರು ಅಚ್ಚು ಹಾಕುತ್ತಾರೆ. ಇದಕ್ಕೆ ಸೋಷಿಯಲ್ ಡಿಆರ್‌ಎಂ ಅಂತ ಹೆಸರು. ಓದಲು ಏನೂ ಅಡ್ಡಿಯಿಲ್ಲ. ನನ್ನ ಮೇಲೆ ನಂಬಿಕೆ ಇಟ್ಟು ಕೊಟ್ಟಿದ್ದಾರೆ ಅನ್ನಿಸಿ ನನಗೆ ಇದು ಇಷ್ಟ. ಇನ್ನು ಬೀಗ ಒಡೆಯುವ ವಿಷಯ: ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಸೆಕ್ಷನ್ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ 2 ವರ್ಷದವರೆಗೆ ಜೈಲು ಆಗಬಹುದು.

ಅಂಗಡಿ ಮುಚ್ಚಿದಾಗ ಈ ಪದದ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ದುಡ್ಡು ವಾಪಸ್ ಕೊಟ್ಟಿತು ನಿಜ, ಆದರೆ ಜನರು ಕೊಂಡಿದ್ದ ಪುಸ್ತಕಗಳು ತೆರೆಯದಂತಾದವು. ತಾಂತ್ರಿಕ ಪುಸ್ತಕಗಳ ಪ್ರಕಾಶಕ ಓ’ರೈಲಿ 2017ರಲ್ಲಿ ತನ್ನ ಸೈಟಿನಲ್ಲಿ ಬಿಡಿ ಇ-ಪುಸ್ತಕ ಮಾರುವುದನ್ನು ನಿಲ್ಲಿಸಿ ಚಂದಾ ಪದ್ಧತಿಯ ಕಡೆ ತಿರುಗಿತು. ಅದಕ್ಕೂ ಮೊದಲು ಕೊಂಡು ಇಳಿಸಿಕೊಂಡಿದ್ದ ಬೀಗವಿಲ್ಲದ ಫೈಲುಗಳಿಗೆ ಏನೂ ಆಗಲಿಲ್ಲ.

ಬೆಲೆ ಹೆಚ್ಚಾಗಿ ಡಾಲರಿನಲ್ಲಿರುತ್ತದೆ, ಹಾಗಾಗಿ ಕಾರ್ಡಿನಲ್ಲಿ ವಿದೇಶಿ ಪಾವತಿ ಆನ್ ಮಾಡಿಕೊಂಡಿರಿ. ಕೊಂಡ ದಿನವೇ ಫೈಲು ಇಳಿಸಿ, ಲ್ಯಾಪ್‌ಟಾಪಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಟ್ಟುಬಿಡಿ.